ಡೀ ನದಿಯ ಸೇತುವೆಯನ್ನು ಮರೆಯದಿರೋಣ

ಮಾನ್ಯರೇ,

ಇಂಗ್ಲೆಂಡಿನ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುಮಾರ್ಗಕ್ಕೆ 200 ವರ್ಷ ತುಂಬಿದ ಸಂದರ್ಭದಲ್ಲಿ ನಾನು ಓದಿದ ಲೇಖನಗಳಲ್ಲಿ ಜಾರ್ಜ್ ಸ್ಟೀಫನ್‌ಸನ್ ಮತ್ತು ಅವರ ಮಗ ರಾಬರ್ಟ್ ಕಟ್ಟಿದ ಉಗಿಬಂಡಿಗಳ ವರ್ಣನೆ ಬೇಕಾದಷ್ಟಿತ್ತು. ಆ ಬಂಡಿಗಳನ್ನು ಹೊತ್ತ ಸೇತುವೆಗಳ ಮಾತು ಎರಡು ಸಾಲಿಗೇ ಮುಗಿದಿತ್ತು. ರಾಬರ್ಟ್ ಅವರನ್ನು ಸರಿಯಾಗಿ ಅರಿಯಬೇಕಾದರೆ ಅವರ ಕುಸಿದ ಸೇತುವೆಯಿಂದಲೇ ಶುರು ಮಾಡಬೇಕೆಂಬುದು, ಸೇತುವೆ ತಪಾಸಣೆಯಲ್ಲೇ ಸೇವಾವಧಿ ಕಳೆದ ನನ್ನ ಅಭಿಪ್ರಾಯ.

ಚೆಸ್ಟರ್ ಬಳಿ ಡೀ ನದಿಗೆ ಅವರು ಹಾಕಿಸಿದ್ದು ಬೀಡುಕಬ್ಬಿಣದ ಗರ್ಡರುಗಳು (ಉದ್ದನೆಯ ತೊಲೆಗಳು), ಕಂಬದಿಂದ ಕಂಬಕ್ಕೆ 98 ಅಡಿ. ಬೀಡುಕಬ್ಬಿಣ ಅದುಮಿದರೆ ತಾಳುತ್ತದೆ, ಜಗ್ಗಿದರೆ ಮುನ್ಸೂಚನೆಯಿಲ್ಲದೆ ಬಿರಿಯುತ್ತದೆ. ಭಾರ ಬಿದ್ದಾಗ ಗರ್ಡರಿನ ತಳಭಾಗಕ್ಕೆ ಬೀಳುವುದು ಜಗ್ಗುವಿಕೆಯೇ. ಪಕ್ಕದಲ್ಲಿ ಬಿಗಿದಿದ್ದ, ಜಗ್ಗಿದರೂ ತಾಳುವ ಮೆದುಕಬ್ಬಿಣದ ಸರಳುಗಳು ನೆರವಿಗೆ ಬರಲಿಲ್ಲ. ಎಂಜಿನ್ನಿನ ಕೆಂಡದಿಂದ ಹಲಗೆಗಳಿಗೆ ಬೆಂಕಿ ತಗಲಬಾರದೆಂದು ಸೇತುವೆಯ ಮೇಲೆ ಜಲ್ಲಿ ಹರಡಿದ ದಿನವೇ, 1847ರ ಮೇ 24ರ ಸಂಜೆ, ಕೊನೆಯ ಗರ್ಡರಿನ ಮೇಲೆ ಹಳಿ ಕುಸಿಯುತ್ತಿರುವುದನ್ನು ಅರಿತ ಚಾಲಕ ಉಗಿಯನ್ನು ಪೂರ್ತಿ ಹರಿಸಿ ವೇಗ ಹೆಚ್ಚಿಸಿ ಎಂಜಿನ್ನನ್ನು ದಡ ಮುಟ್ಟಿಸಿದ. ಹಿಂದಿನ ಗಾಡಿಗಳು ನದಿಗೆ ಬಿದ್ದವು. ಐವರು ಸತ್ತರು.

ರೈಲು ಹಳಿ ತಪ್ಪಿ ಗರ್ಡರಿಗೆ ಬಡಿದಿರಬೇಕೆಂದು ರಾಬರ್ಟ್ ಸ್ಟೀಫನ್‌ಸನ್ ವಿಚಾರಣೆಯಲ್ಲಿ ವಾದಿಸಿದರು. ಸರ್ಕಾರದ ಪರಿಶೀಲನಾಧಿಕಾರಿ ಅದನ್ನು ಒಪ್ಪಲಿಲ್ಲ; ಆ ಜಲ್ಲಿಯೂ ಸೇರಿ ಗರ್ಡರಿನ ಮೇಲೆ ಎಷ್ಟು ಹೊರೆ ಬಿದ್ದಿತ್ತೆಂಬುದನ್ನು ನೋಡಿದರೆ ನನಗೂ ಒಪ್ಪಲಾಗುವುದಿಲ್ಲ. ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಬಳಕೆಯನ್ನು ಪರೀಕ್ಷಿಸಲು ಅದೇ ವರ್ಷ ರಾಯಲ್ ಕಮಿಷನ್ (ತನಿಖಾ ಆಯೋಗ) ನೇಮಕವಾಯಿತು.

ಅದೇ ಸ್ಟೀಫನ್‌ಸನ್ ಆಗ ವೇಲ್ಸ್‌ನ ಮೆನಾಯ್ ಜಲಸಂಧಿಗೆ ಬ್ರಿಟಾನಿಯಾ ಸೇತುವೆ ಕಟ್ಟಿಸುತ್ತಿದ್ದರು. ರೈಲು ತೂರಿಹೋಗುವಷ್ಟು ದೊಡ್ಡ ಮೆದುಕಬ್ಬಿಣದ ಕೊಳವೆ, ಮಧ್ಯದ ಎರಡು ಅಂತರಗಳು ತಲಾ 460 ಅಡಿ. ಮಾದರಿಗಳನ್ನು ಭಾರ ಹೇರಿ ಮುರಿದು ನೋಡಿದ ವಿಲಿಯಂ ಫೇರ್‌ಬರ್ನ್ ಮತ್ತು ಲೆಕ್ಕದ ಆಧಾರ ಒದಗಿಸಿದ ಈಟನ್ ಹಾಡ್ಜ್‌ಕಿನ್ಸನ್ ಅವರಿಗೂ ಈ ಕೀರ್ತಿಯಲ್ಲಿ ದೊಡ್ಡ ಪಾಲಿದೆ. ನೀರಿನಲ್ಲಿ ತೇಲಿಸಿ ತಂದ ಕೊಳವೆಯನ್ನು ದ್ರವದ ಒತ್ತಡದಿಂದ ಭಾರ ಎತ್ತುವ ಹೈಡ್ರಾಲಿಕ್ ಪ್ರೆಸ್ಸಿನಿಂದ ಮೇಲೆತ್ತುವಾಗ, ಏರಿದಷ್ಟೂ ಅಡಿಗೆ ಆಸರೆ ಕಟ್ಟುತ್ತಾ ಬರಬೇಕೆಂದು ಸ್ಟೀಫನ್‌ಸನ್ ತಾಕೀತು ಮಾಡಿದ್ದರು. 1849ರ ಆಗಸ್ಟ್‌ನಲ್ಲಿ ಪ್ರೆಸ್ಸಿನ ಸಿಲಿಂಡರ್ ಒಡೆದಾಗ, ಸಾವಿರ ಟನ್ನಿಗೂ ಮಿಕ್ಕಿದ ಆ ಕೊಳವೆ ಕೆಲವೇ ಅಂಗುಲ ಜಾರಿ ಆಸರೆಯ ಮೇಲೆ ಕುಳಿತಿತು. 1850ರ ಮಾರ್ಚ್‌ನಲ್ಲಿ ಅದರೊಳಗೆ ರೈಲು ಓಡಿತು.

ಮುಂದಿನ ವಿಶೇಷ ಪುಟಗಳಲ್ಲಿ ‘ರಾಕೆಟ್’ ಎಂಜಿನ್ನಿನ ಚಿತ್ರದ ಪಕ್ಕದಲ್ಲಿ ಡೀ ಸೇತುವೆಯ ಈ ಕಥೆಗೂ ಜಾಗ ಕೊಡಬೇಕೆಂದು ಕೋರುತ್ತೇನೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳು ಎರಡನ್ನೂ ಒಟ್ಟಿಗೆ ಓದಲಿ.

– ನಿವೃತ್ತ ಸೇತುವೆ ಪರಿವೀಕ್ಷಕ, ಹುಬ್ಬಳ್ಳಿ