ಶನಿವಾರದ ಕೋಲ, ಎಲ್ರೂ ಓದಿ

ಕುಟುಂಬದ ಹಿರಿಯರಿಗೆ ಕಿರಿಯರಿಗೆ ನಮಸ್ಕಾರ. ಮೇ 24ರ ಹೊತ್ತಿಗೆ ಪತ್ತನಾಜೆ (ತುಳು ತಿಂಗಳು ಬೇಶದ ಹತ್ತನೇ ದಿನ), ಅದಾದ ಮೇಲೆ ಕೋಲ ನೇಮ ಅಂತ ದೈವಗಳ ಸೇವೆ ಎಲ್ಲ ಬಂದ್ ಅಲ್ವಾ, ಹಾಗಾಗಿ ನಮ್ಮ ತರವಾಡು ಮನೆಯ (ಕುಟುಂಬದ ಮೂಲ ಮನೆಯ) ದೈವಗಳಾದ ಪಂಜುರ್ಲಿ, ಗುಳಿಗನ ಕೋಲ ಈ ಶನಿವಾರವೇ ಅಂತ ಫಿಕ್ಸ್ ಆಯ್ತು. ಸಂಜೆ 6ಕ್ಕೆ ಭಂಡಾರ (ದೈವದ ಆಭರಣ, ಆಯುಧ) ಇಳಿಯುವುದು, 8ಕ್ಕೆ ಊಟ, ಆಮೇಲೆ ಎಣ್ಣೆಬೂಳ್ಯ (ಕೋಲ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವುದು).

ಹುಡುಗರು ಬೆಳಿಗ್ಗೆಯೇ ಬಂದ್ರೆ ಉಪಕಾರ. ಅಣಿ (ದೈವದ ಬೆನ್ನಿಗೆ ಕಟ್ಟುವ ಅಲಂಕಾರ) ಕಟ್ಲಿಕ್ಕೆ ಎಳೆ ತೆಂಗಿನ ಗರಿ ತೆಗೀಬೇಕು, ಮಧ್ಯಾಹ್ನದ ಬಿಸಿಲಿಗೆ ಬಾಡಿದ ಗರಿ ಕೊಟ್ರೆ ಕಟ್ಟುವವರಿಗೆ ಸೀಳ್ಲಿಕ್ಕೇ ಆಗುದಿಲ್ಲ, ಹಾಗೆ ಕಡಿದ ಕೂಡ್ಲೇ ನೆರಳಲ್ಲಿ ಇಡಿ. ತೋಟ ಇದ್ದವರು ಹಿಂಗಾರ (ಅಡಿಕೆ ಹೂ), ಕೇಪುಳ ಹೂ ತನ್ನಿ.

ಪಾತ್ರಿಗಳು (ದೈವ ಕಟ್ಟುವವರು) ಮುಖಕ್ಕೆ ಅರದಾಳ (ಹಳದಿ ಬಣ್ಣ) ಹಾಕುವಾಗ, ಪಾಡ್ದನ (ದೈವದ ಕಥೆಯ ಹಾಡು) ಹೇಳುವಾಗ ಮೊಬೈಲ್ ಹಿಡ್ಕೊಂಡು ಮುಖದ ಹತ್ರ ಹೋಗ್ಬೇಡಿ. ಕಾಲಿಗೆ ಗಗ್ಗರ (ದೈವದ ಕಾಲ್ಗೆಜ್ಜೆ) ಕಟ್ಟಿದ ಮೇಲಂತೂ ಫ್ಲ್ಯಾಶ್, ರೀಲ್ಸ್ ಬೇಡವೇ ಬೇಡ ಮಾರಾಯ್ರೆ, ಅದು ಸ್ಟೇಜ್ ಪ್ರೋಗ್ರಾಂ ಅಲ್ಲ. ಗುಳಿಗ ದೊಂದಿ ಹಿಡಿದು ಓಡುವಾಗ ಮಕ್ಕಳನ್ನು ಹಗ್ಗದ ಹೊರಗೇ ನಿಲ್ಲಿಸಿ, ಸಿಂಥೆಟಿಕ್ ಬಟ್ಟೆ ಹಾಕ್ಬೇಡಿ.

ದೈವದ ನುಡಿ (ಅಭಯದ ಮಾತು) ಕೇಳ್ಲಿಕ್ಕೆ ಇದ್ದವರು ಮೊದಲೇ ದೊಡ್ಡಪ್ಪನತ್ರ ಹೇಳಿಡಿ. ಎಷ್ಟು ಜನ ಊಟಕ್ಕೆ ಅಂತ ಗುರುವಾರದೊಳಗೆ ಇಲ್ಲೇ ಹಾಕಿ, ಬರೀ ತಂಬ್ಸ್ ಅಪ್ ಒತ್ತಿದ್ರೆ ಲೆಕ್ಕ ಸಿಗುದಿಲ್ಲ.