ಹೆಸರಿನ ಚೀಟಿ ಇಲ್ಲದ ಮನೆ

ಆತ್ಮೀಯ ಸದಸ್ಯರೇ,

ಕಳೆದ ತಿಂಗಳ ಒಂದು ಶನಿವಾರ ನಮ್ಮ ಸಂಘದ ಎಂಟು ಮಂದಿ ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ ಇಳಿದು, ಲಿಂಕನ್ಸ್ ಇನ್ ಫೀಲ್ಡ್ಸ್ ಚೌಕದ 13ನೆಯ ನಂಬರಿನ ಮನೆಯ ಮುಂದೆ ಸಾಲಾಗಿ ನಿಂತೆವು. ಒಳಗೆ ಒಮ್ಮೆಗೆ ಕೆಲವರನ್ನಷ್ಟೇ ಬಿಡುತ್ತಾರೆ. ಪ್ರವೇಶ ಉಚಿತ. ಊರಿನಿಂದ ಬಂದ ನೆಂಟರನ್ನೆಲ್ಲ ಬ್ರಿಟಿಷ್ ಮ್ಯೂಸಿಯಂಗೆ ಕರೆದೊಯ್ಯುವ ನಾವು, ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಈ ಮನೆಯ ಬಾಗಿಲು ತಟ್ಟಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೆ ಬೇಸರವಾಯಿತು.

ಇದು ಸರ್ ಜಾನ್ ಸೋನ್ ಅವರ ಮನೆ. ಗಾರೆ ಕೆಲಸದವನ ಮಗನಾಗಿ 1753ರಲ್ಲಿ ಹುಟ್ಟಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾಗಿ 45 ವರ್ಷ ದುಡಿದವರು. ಅಕ್ಕಪಕ್ಕದ ಮೂರು ಮನೆಗಳನ್ನು ಒಂದೊಂದಾಗಿ ಕೊಂಡು, ಕೆಡವಿ, ಮತ್ತೆ ಕಟ್ಟಿ, ಜೀವಮಾನವಿಡೀ ಕೂಡಿಟ್ಟದ್ದನ್ನೆಲ್ಲ ಅಲ್ಲಿ ತುಂಬಿದರು. ರೋಮಿನ ಚಿತಾಭಸ್ಮದ ಕರಂಡಗಳು, ಮುರಿದ ಕಂಬಗಳ ತಲೆಗಳು, ದೇವತೆಗಳ ಅಚ್ಚುಗಳು, ತಾವು ಕಟ್ಟಿದ ಮತ್ತು ಕಟ್ಟಲಾಗದ ಕಟ್ಟಡಗಳ ಮಾದರಿಗಳು ನೆಲದಿಂದ ಸೂರಿನವರೆಗೆ ಒತ್ತಿಕೊಂಡಿವೆ. ಕಾಲಾನುಕ್ರಮವಿಲ್ಲ, ದೇಶವಾರು ವಿಂಗಡಣೆಯಿಲ್ಲ, ಯಾವುದಕ್ಕೂ ಹೆಸರಿನ ಚೀಟಿಯಿಲ್ಲ. ಮೇಲಿನ ಹಳದಿ ಗಾಜಿನಿಂದ ಬೆಳಕು ಇಳಿದು, ಹೊರಗಿನ ಲಂಡನ್ನಿನ ಬೂದು ಮಧ್ಯಾಹ್ನ ಒಳಗೆ ಇಟಲಿಯ ಬಿಸಿಲಾಗುತ್ತದೆ. ಉಪಾಹಾರದ ಕೋಣೆಯ ಚಾವಣಿಯಲ್ಲಿ ಪುಟ್ಟ ಪುಟ್ಟ ಉಬ್ಬುಗನ್ನಡಿಗಳು; ತಲೆಯೆತ್ತಿದರೆ ಪ್ರತಿಯೊಂದರಲ್ಲೂ ನಾವೇ, ಹೆಬ್ಬೆರಳಿನ ಉಗುರಿನಷ್ಟು.

ನೆಲಮಾಳಿಗೆಗೆ ಇಳಿದರೆ ಈಜಿಪ್ಟಿನ ದೊರೆ ಮೊದಲನೆಯ ಸೆಟಿಯ ಶವಪೆಟ್ಟಿಗೆ. ಬೆಲ್ಜೋನಿ ಎಂಬ ಇಟಲಿಯವನು 1817ರಲ್ಲಿ ಪತ್ತೆ ಮಾಡಿದ ಗೋರಿಯಿಂದ ಬಂದದ್ದು. ಒಳಗೂ ಹೊರಗೂ ಚಿತ್ರಲಿಪಿ ಕೆತ್ತಿದ ಒಂದೇ ಕಲ್ಲು. ಬೆಲೆ ಹೆಚ್ಚಾಯಿತೆಂದು ಬ್ರಿಟಿಷ್ ಮ್ಯೂಸಿಯಂ ಬೇಡವೆಂದಾಗ, 1824ರಲ್ಲಿ ಸೋನ್ ಎರಡು ಸಾವಿರ ಪೌಂಡ್ ಕೊಟ್ಟು ತಂದರು. ಬಾಗಿಲಲ್ಲಿ ಹಿಡಿಸದೆ ಹಿಂಗೋಡೆ ಒಡೆಸಿದರು. ಮರುವರ್ಷ ಮಾರ್ಚಿನಲ್ಲಿ ಮೂರು ರಾತ್ರಿ ಮನೆ ತುಂಬ ದೀಪ ಹಚ್ಚಿಸಿ, ನೂರಾರು ಅತಿಥಿಗಳನ್ನು ಕರೆದು ತೋರಿಸಿದರು. ನಾನು ಅದರ ಪಕ್ಕ ಬಹಳ ಹೊತ್ತು ನಿಂತಿದ್ದೆ. ಸತ್ತ ದೊರೆಯೊಬ್ಬನ ಕಲ್ಲಿನ ಹಾಸಿಗೆ ಬೇರೊಬ್ಬನ ಮನೆಯ ಕೆಳಗೆ ಇರಬೇಕೇ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮೇಲಿನ ಚಿತ್ರಗಳ ಕೋಣೆ. ಹೆಚ್ಚೆಂದರೆ ಹದಿಮೂರು ಹದಿನಾಲ್ಕು ಅಡಿ ಉದ್ದಗಲದ ಜಾಗ. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು. ಸಿಬ್ಬಂದಿಯೊಬ್ಬರು ಗೋಡೆಯನ್ನೇ ಕದದಂತೆ ತೆರೆದರು. ಅದರ ಹಿಂದೆ ಮತ್ತೊಂದು ಗೋಡೆ, ಮತ್ತಷ್ಟು ಚಿತ್ರಗಳು. ವಿಲಿಯಂ ಹೊಗಾರ್ತ್ ಬರೆದ ಎಂಟು ಚಿತ್ರಗಳ ಮಾಲೆ ಇಲ್ಲಿದೆ: ಅಪ್ಪ ಕೂಡಿಟ್ಟ ಆಸ್ತಿಯನ್ನು ಜೂಜಿನಲ್ಲಿ, ಮೋಜಿನಲ್ಲಿ ಕಳೆದು ಕೊನೆಗೆ ಹುಚ್ಚಾಸ್ಪತ್ರೆ ಸೇರುವ ಮಗನ ಕಥೆ. ಸೋನ್ ದಂಪತಿ ಇವನ್ನು ಹರಾಜಿನಲ್ಲಿ ಕೊಂಡದ್ದು 1802ರಲ್ಲಿ, ತಮ್ಮ ಇಬ್ಬರು ಮಕ್ಕಳು ಇನ್ನೂ ಹುಡುಗರಾಗಿದ್ದಾಗ. ಅವರೂ ವಾಸ್ತುಶಿಲ್ಪಿಗಳಾಗಿ ಮನೆತನದ ಹೆಸರು ಮುಂದುವರಿಸಬೇಕೆಂಬುದು ತಂದೆಯ ಆಸೆ. ಆ ದಾರಿ ಇಬ್ಬರೂ ಹಿಡಿಯಲಿಲ್ಲ. 1815ರಲ್ಲಿ ಕಿರಿಯವನಾದ ಜಾರ್ಜ್, ಪತ್ರಿಕೆಯೊಂದರಲ್ಲಿ ಹೆಸರು ಹಾಕದೆ ತಂದೆಯ ಕಟ್ಟಡಗಳನ್ನು ಹೀನಾಯವಾಗಿ ಹಳಿದು ಬರೆದ. ಬರೆದವನು ಯಾರೆಂದು ತಿಳಿದ ತಾಯಿ ಎಲೈಜಾ ಅದೇ ನವೆಂಬರಿನಲ್ಲಿ ತೀರಿಕೊಂಡರು. ಸೋನ್ ಆ ಬರಹಗಳಿಗೆ ಕಟ್ಟು ಹಾಕಿಸಿ, ಇವು ಜಾರ್ಜ್ ಕೊಟ್ಟ ಮರಣದ ಪೆಟ್ಟುಗಳು ಎಂದು ಬರೆದು ಗೋಡೆಗೆ ತೂಗುಹಾಕಿದರು. ಚೀಟಿಯಿಲ್ಲದ ಮನೆಗೆ ಅವರೇ ಬರೆದ ಚೀಟಿ ಅದು. ಹೆಂಡತಿಯ ಮುದ್ದಿನ ನಾಯಿ ಫ್ಯಾನಿ ಸತ್ತಾಗ ಅದಕ್ಕೂ ಅಂಗಳದಲ್ಲಿ ಸಮಾಧಿ ಕಟ್ಟಿದರು.

ಹಿರಿಯ ಮಗ 1823ರಲ್ಲಿ ತೀರಿಕೊಂಡ. ಮನೆ ಜಾರ್ಜನ ಕೈಗೆ ಹೋಗಬಾರದೆಂದು ಸೋನ್ 1833ರಲ್ಲಿ ಸಂಸತ್ತಿನ ಶಾಸನವನ್ನೇ ಮಾಡಿಸಿದರು. ತಾವು ಸತ್ತಾಗ ಮನೆ ಹೇಗಿರುತ್ತದೆಯೋ ಆದಷ್ಟೂ ಹಾಗೆಯೇ ಉಳಿಯಬೇಕು, ಜನರಿಗೆ ತೆರೆದಿರಬೇಕು. 1837ರ ಜನವರಿಯಿಂದ ಅದು ಹಾಗೆಯೇ ಇದೆ.

ದಂತದ ಮೇಜು, ಕುರ್ಚಿಗಳ ಮುಂದೆ ನಮ್ಮ ಗುಂಪಿನ ಮಂಡ್ಯದ ಹಿರಿಯರೊಬ್ಬರು ತಟ್ಟನೆ ನಿಂತರು. ಅವು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯವು ಎಂದು ನಂಬಿ ಸೋನ್ ಕೊಂಡಿದ್ದರು ಎಂದು ಅಲ್ಲಿನವರು ವಿವರಿಸಿದಾಗ, ಹಿರಿಯರು ಏನೂ ಹೇಳದೆ ಕೈಕಟ್ಟಿಕೊಂಡು ನೋಡುತ್ತಲೇ ಇದ್ದರು. ಆಮೇಲೆ ಚಹಾ ಕುಡಿಯುವಾಗ ಮಾತಾಡಿದ್ದು ಟಿಪ್ಪುವಿನ ವಿಷಯವನ್ನಲ್ಲ. ತಮ್ಮ ಮನೆಯ ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ತಾಯಿಯ ಹಿತ್ತಾಳೆಯ ಸೇರು, ಪಾವು, ಚಟಾಕುಗಳಿವೆ. ಪಾವಿನ ಅಂಚು ತಗ್ಗಾದದ್ದು ಹೇಗೆಂದು ಅವರೊಬ್ಬರಿಗೇ ಗೊತ್ತು. ಇಲ್ಲಿ ಹುಟ್ಟಿದ ಮಗಳಿಗೆ ಅದು ಹೂವಿನ ಕುಂಡ. "ನಾನು ಹೇಳಿಲ್ಲ, ಅವಳು ಕೇಳಿಲ್ಲ," ಎಂದರು.

ಆ ಸಂಜೆ ಮನೆಗೆ ಬಂದು ನಾನೂ ಬೀರು ತೆರೆದೆ. ಅಜ್ಜಿಯ ಅಡಕತ್ತರಿ, ಅಪ್ಪನ ಪಂಚಾಂಗಗಳು, ಎರಡು ಗುಂಡಿ ಬಿರಿದ ಚನ್ನೆಮಣೆ. ಒಂದೊಂದನ್ನೂ ತೆಗೆದು, ಅದರ ಕಥೆಯನ್ನು ನಾಲ್ಕು ಸಾಲು ಬರೆದು ಜೊತೆಗಿಟ್ಟೆ. ನಿಮ್ಮ ಮನೆಯಲ್ಲೂ ಇಂಥದ್ದು ಇರುತ್ತದೆ. ಒಂದು ವಸ್ತುವಿನ ಚಿತ್ರ, ಅದು ಯಾರದಾಗಿತ್ತು, ಈ ದೇಶಕ್ಕೆ ಯಾವ ಪೆಟ್ಟಿಗೆಯಲ್ಲಿ ಬಂತು ಎಂಬುದನ್ನು ಬರೆದು ಕಳುಹಿಸಿ. ಮಕ್ಕಳು ಇಂಗ್ಲಿಷಿನಲ್ಲಿ ಬರೆದರೆ ಕನ್ನಡಕ್ಕೆ ತರುವ ಹೊಣೆ ನನ್ನದು. ಯುಗಾದಿ ಸಂಚಿಕೆಯಲ್ಲಿ ಎಂಟು ಪುಟಗಳನ್ನು ಇದಕ್ಕೆಂದೇ ಖಾಲಿ ಬಿಟ್ಟಿದ್ದೇನೆ. ಮೊದಲ ಪುಟ ಆ ಪಾವಿಗೆ.