ಕಾರ್ಡಿಫ್‌ನಿಂದ ಖಾನಾಪುರದ ಅಕ್ಕನಿಗೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಅಂತ ತಿಳಿದು ಸಮಾಧಾನವಾಯಿತು.

ನಿನ್ನ ಏಳನೇ ಇಯತ್ತೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯ ಸುದ್ದಿ ಓದಿದೆ. ಅವಳ ಕೂದಲು ಎಳೆಯುತ್ತಾರೆ, ‘ಆಫ್ರಿಕಾ’ ಅಂತ ಕೂಗುತ್ತಾರೆ, ಅವಳು ಶಾಲೆ ತಪ್ಪಿಸುತ್ತಾಳೆ. ಹೆಡ್ ಮಾಸ್ತರು ಮಾತ್ರ “ಹುಡುಗ್ರು ಚ್ಯಾಷ್ಟಿ ಮಾಡ್ತಾವ, ಬಿಡ್ರಿ ಟೀಚರ್” ಅಂದುಬಿಟ್ಟರು. ನಿಮ್ಮಲ್ಲಿ ಇದಕ್ಕೆಲ್ಲ ಏನು ಮಾಡುತ್ತಾರೆ ಅಂತ ಕೇಳಿದ್ದೀಯ.

ಇಲ್ಲಿಯ ಮಕ್ಕಳು ನಮ್ಮವರಿಗಿಂತ ಒಳ್ಳೆಯವರೇನಲ್ಲ. ನಾನು ಕಲಿಸುವ ಶಾಲೆಯಲ್ಲೂ ನನ್ನ ಮಾತಿನ ಧಾಟಿ ಅಣಕಿಸುವವರು ಪ್ರತಿ ವರ್ಷ ಸಿಗುತ್ತಾರೆ. ಗಣಿತಕ್ಕೆ ‘ಇಲ್ಲಿಯವರೇ’ ಬೇಕು ಅಂದ ಪಾಲಕರೂ ಇದ್ದಾರೆ. ಆದರೆ ಇಂಥದ್ದನ್ನು ಚ್ಯಾಷ್ಟಿ ಅಂತ ಬಿಡುವ ಹಾಗಿಲ್ಲ, ಬರೆದಿಡಬೇಕು. ಯಾರು ಯಾರಿಗೆ ಏನಂದರು ಅನ್ನುವುದನ್ನು ಅದೇ ಮಾತಿನಲ್ಲಿ ಬರೆಯಬೇಕು. ಸುಮ್ನೆ ‘ಜಗಳ’ ಅಂತ ಗೀಚಿದರೆ ನಡೆಯಲ್ಲ. ನೊಂದ ಮಗುವಿನ ಜೊತೆ ಮೊದಲು ಕೂತು ಮಾತಾಡಬೇಕು, ಅಂದವನ ಜೊತೆ ಆಮೇಲೆ. ಎರಡೂ ಮನೆಗೆ ತಿಳಿಸಬೇಕು.

ಬರೆದರೆ ಏನಾಗುತ್ತದೆ ಅನ್ನಬೇಡ. ನನ್ನ ಕ್ಲಾಸಿನ ಒಬ್ಬ ಹುಡುಗನ ತಾಯಿ ಹೇಳಿದ್ದು ಕೇಳು. ಅವನ ಹಳೇ ಶಾಲೆಯಲ್ಲಿ ಯಾರೂ ಬರೆದುಕೊಳ್ಳುತ್ತಿರಲಿಲ್ಲವಂತೆ. ಹಾಗಾಗಿ ಪ್ರತಿ ದೂರೂ ಮೊದಲನೇ ದೂರೇ. ಕೊನೆಗೆ ಆ ತಾಯಿಯೇ ಜಗಳಗಂಟಿ ಅನ್ನಿಸಿಕೊಂಡಳು!

ಈ ಪದ್ಧತಿ ಸುಮ್ಮನೆ ಬಂದಿಲ್ಲ. 1993ರಲ್ಲಿ ಲಂಡನ್ನಿನ ಬಸ್ ಸ್ಟಾಪಿನ ಹತ್ತಿರ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸರು ತನಿಖೆ ಹಾಳು ಮಾಡಿದರು. 1999ರ ವಿಚಾರಣಾ ವರದಿ ಪೊಲೀಸರನ್ನು ಬೈದು ಅಲ್ಲಿಗೇ ನಿಲ್ಲಿಸಲಿಲ್ಲ, ಶಾಲೆಗಳೂ ಇಂಥ ಘಟನೆ ದಾಖಲಿಸಬೇಕು ಅಂದಿತು. ಈಗ ಭೇದಭಾವ ತಡೆಯುವ 2010ರ ಸಮಾನತೆ ಕಾಯ್ದೆಯೂ ಇದೆ. ಫಾರ್ಮ್ ತುಂಬಿ ಕೈ ತೊಳೆದುಕೊಳ್ಳುವ ಟೀಚರುಗಳು ಇಲ್ಲಿಯೂ ಉಂಟು, ಬಿಡು. ಇನ್ನು ಇಲ್ಲಿರುವ ನಮ್ಮವರು? ಯುಗಾದಿ ಊಟಕ್ಕೆ ಸೇರಿದಾಗ ಅಡ್ಡಹೆಸರು ಕೇಳಿ ಜಾತಿ ಹುಡುಕುತ್ತಾರೆ. ಆಮೇಲೆ ಬಿಳಿಯರ ಭೇದಭಾವದ ಬಗ್ಗೆ ಭಾಷಣ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು, ಕಲಿಸುವವರು ಯಾರು ಅನ್ನುವುದು. 2021ರಲ್ಲಿ ನಾವಿರುವ ವೇಲ್ಸ್‌ನಲ್ಲಿ ಬಂದ ವರದಿಯ ಪ್ರಕಾರ ಶಾಲಾ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮಂದಿ ಕಪ್ಪು, ಏಷ್ಯನ್ ಮುಂತಾದ ಸಮುದಾಯದವರು. ಶಿಕ್ಷಕರಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಈಗ ಈ ಸಮುದಾಯದವರು ಟೀಚರ್ ಟ್ರೇನಿಂಗ್‌ಗೆ ಬಂದರೆ ಸರ್ಕಾರ 5,000 ಪೌಂಡ್ ಕೊಡುತ್ತದೆ. 2022ರ ಹೊಸ ಪಠ್ಯಕ್ರಮದಲ್ಲಿ ಅವರ ಚರಿತ್ರೆ ಕಲಿಸುವುದೂ ಕಡ್ಡಾಯ.

ಕಾರ್ಡಿಫ್ ಪೇಟೆ ನಡುವೆ ಬೆಟ್ಟಿ ಕ್ಯಾಂಪ್‌ಬೆಲ್ ಅವರ ಪ್ರತಿಮೆ ಇದೆ. ಬಂದರಿನ ಬಡ ಕೇರಿಯಲ್ಲಿ ಬೆಳೆದವರು. ಟೀಚರ್ ಆಗುತ್ತೇನೆ ಅಂದಾಗ, ಬಡವರ ಮನೆಯ ಕಪ್ಪು ಹುಡುಗಿಗೆ ಅದು ಆಗದ ಮಾತು ಅಂತ ಅವರ ಟೀಚರೇ ಹೇಳಿದ್ದರಂತೆ. 1960ರಲ್ಲಿ ಇಲ್ಲಿಯ ಟ್ರೇನಿಂಗ್ ಕಾಲೇಜು ಹೆಂಗಸರಿಗೆ ತೆರೆಯಿತು. ಆಗಲೇ ಮಕ್ಕಳ ತಾಯಿಯಾಗಿದ್ದ ಬೆಟ್ಟಿ ಸೇರಿಕೊಂಡರು. ಮುಂದೆ ತಮ್ಮದೇ ಕೇರಿಯ ಶಾಲೆಗೆ ಹೆಡ್ ಆದರು. ವೇಲ್ಸ್‌ನ ಮೊದಲ ಕಪ್ಪು ಹೆಡ್ ಟೀಚರ್ ಅವರೇ. ಗುಲಾಮಗಿರಿಯ ಚರಿತ್ರೆಯನ್ನು ಯಾರ ಅಪ್ಪಣೆಗೂ ಕಾಯದೆ ಮಕ್ಕಳಿಗೆ ಕಲಿಸಿದರು.

ಸಿದ್ದಿಯರ ಹಿರಿಯರನ್ನು ಪೋರ್ಚುಗೀಸರೂ ಇತರರೂ ಗುಲಾಮರಾಗಿ ತಂದರು ಅಂತ ನಮಗೆ ಯಾವ ಮಾಸ್ತರು ಹೇಳಿದ್ದರು, ಅಕ್ಕಾ? ಉತ್ತರ ಕನ್ನಡದ ಸಿದ್ದಿಯರು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಅವರ ನೆಂಟರೇ ಆದ ನಮ್ಮ ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾದರು. ಇದನ್ನು ಅದೇ ಏಳನೇ ಇಯತ್ತೆಗೆ ಪಾಠ ಮಾಡು. ಆದರೆ ಆ ಹುಡುಗಿಯನ್ನು ಎದ್ದು ನಿಲ್ಲಿಸಿ ಉದಾಹರಣೆ ಮಾಡಬೇಡ.

ಒಂದು ನೋಟ್‌ಬುಕ್ ಇಡು, ತಾರೀಖು ಹಾಕಿ ಬರೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ ಹೇಳು. ಹೆಡ್ ಮಾಸ್ತರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಡಿ.ಎಡ್., ಬಿ.ಎಡ್. ಮುಗಿಸಿದ ಸಿದ್ದಿ ಹುಡುಗರು, ಹುಡುಗಿಯರು ಯಾರಿದ್ದಾರೆ ವಿಚಾರಿಸು. ಅರ್ಜಿ ಕರೆದಿರುವ ಸುದ್ದಿ ಅವರ ವಾಡೆಗಳಿಗೆ ಮುಟ್ಟುವುದೇ ಇಲ್ಲ. ಅದೊಂದನ್ನು ನೀನು ಮುಟ್ಟಿಸಬಹುದು, ಅಲ್ವಾ?

ರವಿವಾರ ಫೋನ್ ಮಾಡುತ್ತೇನೆ, ಸಭೆ ಯಾವಾಗ ಅಂತ ಕೇಳಿಟ್ಟಿರು. ಅಪ್ಪನಿಗೆ ಸಕ್ಕರೆ ಗುಳಿಗೆ ಬಿಡಬಾರದು ಅಂತ ಹೇಳು. ಕುಂದಾ ತಿನ್ನುವುದನ್ನೂ ಬಿಡಿಸು.

ನಿನ್ನ ತಂಗಿ